ಖಾಲಿ ಹಾಳೆಯ ಮೇಲಿನ ಸಹಿ

ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಗೇಟು ಕಿರ್ರೆನ್ನಲು ಶುರುವಾದರೆ ಒಂಬತ್ತರವರೆಗೂ ನಿಲ್ಲುತ್ತಿರಲಿಲ್ಲ. ಎಪ್ಪತ್ತರ ದಶಕದ ರಾಜಾಜಿನಗರ ಎಂದರೆ ನನ್ನ ಕಿವಿಗೆ ಇವತ್ತಿಗೂ ಆ ಗೇಟು. ಅದು ನಮ್ಮ ಎಂಎಲ್‌ಎ ಮನೆ. “ಸ್ವಲ್ಪ ಎಣ್ಣೆ ಹಾಕಿಸಬಾರದೇ ಅಂಕಲ್, ನನಗೆ ಹೆಡೇಕ್ ಬರುತ್ತೆ” ಎಂದು ಕಾಂಪೌಂಡಿನ ಮೇಲಿಂದ ಕೇಳಿದರೆ, “ಎಣ್ಣೆ ಹಾಕಿದ್ರೆ, ನಾನು ಸ್ನಾನದ ಮನೇಲಿದ್ದಾಗ ಎಷ್ಟು ಜನ ಬಂದ್ರು ಅಂತ ಹೆಂಗಮ್ಮ ಗೊತ್ತಾಗೋದು?” ಎನ್ನುತ್ತಿದ್ದರು.

ಅವರು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಕಡೆಯ ರೈತರ ಮನೆಯವರು. ಓದಿದ್ದು ಎಂಟನೇ ಕ್ಲಾಸು. ಊರ ಪಂಚಾಯಿತಿಯಿಂದ ಕಾರ್ಪೊರೇಷನ್, ಅಲ್ಲಿಂದ ಅಸೆಂಬ್ಲಿ. ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು ಅವರ ರಾಜಕೀಯಕ್ಕೂ. ನಾನು ಕಾನ್ವೆಂಟಿನಲ್ಲಿ ಓದಿ, ಡಿಗ್ರಿ ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ ಕೆಲಸಕ್ಕೆ ಕಾಯುತ್ತಿದ್ದೆ. ಬೆಳಗಿನ ಹೊತ್ತು ಅವರ ಮುಂದಿನ ಕೋಣೆಯಲ್ಲಿ ಕುಳಿತು ಶಿಫಾರಸು ಪತ್ರಗಳನ್ನು ಟೈಪ್ ಮಾಡಿಕೊಡುವುದು ಹೇಗೋ ನನ್ನ ಪಾಲಿಗೆ ಬಂತು.

ಅವರ ಪತ್ರ ಯಾವತ್ತೂ ಎರಡೇ ಸಾಲು. “ಬೇರರ್ ಈಸ್ ನೋನ್ ಟು ಮಿ. ಡು ದ ನೀಡ್‌ಫುಲ್.” ಕೇಳಿ ಕೇಳಿ ನನಗೆ ನಾಚಿಕೆಯಾಗುತ್ತಿತ್ತು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ‘ಪ್ಲೀಸ್’ ಇಲ್ಲದೆ ಒಂದು ಲೋಟ ನೀರು ಕೇಳಿದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

“ಒಂದು ಪ್ಲೀಸ್ ಸೇರಿಸಲಾ ಅಂಕಲ್?”

“ಬೇಡ ಕಣಮ್ಮ. ಪ್ಲೀಸ್ ಅಂದ್ರೆ ಆ ಆಫೀಸರ್ ಆಗಲ್ಲ ಅಂತಾನೆ.”

ಅಧಿವೇಶನ ಇದ್ದಾಗ, ಟೂರ್ ಹೋದಾಗ, ತಮ್ಮ ಲೆಟರ್‌ಹೆಡ್‌ನ ಹತ್ತು ಖಾಲಿ ಹಾಳೆಗಳ ಕೆಳಗೆ ಸಹಿ ಹಾಕಿ ಡ್ರಾಯರಿನಲ್ಲಿಟ್ಟು ಹೋಗುತ್ತಿದ್ದರು. “ಆಸ್ಪತ್ರೆ ಬೆಡ್ಡು, ಕಾಲೇಜ್ ಸೀಟು, ರೇಷನ್ ಕಾರ್ಡು, ಇವಕ್ಕೆ ಬಂದೋರನ್ನ ಕಾಯಿಸಬೇಡ, ಟೈಪ್ ಮಾಡಿ ಕೊಟ್ಟುಬಿಡು. ಟ್ರಾನ್ಸ್‌ಫರ್ ಮಾತ್ರ ನನ್ನ ಕೇಳದೆ ಮುಟ್ಟಬೇಡ.”

ಆ ವರ್ಷವೇ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮ ಅಪ್ಪನಿಗೆ ಬೀದರಿಗೆ ವರ್ಗವಾಯಿತು. ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಅಪ್ಪ ಊರಲ್ಲಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅಮ್ಮನ ಹಟ. ಪಕ್ಕದ ಮನೆಯಲ್ಲಿ ಒಂದು ಮಾತು ಹೇಳಿ ಎಂದರೆ ಅಪ್ಪ ಲಿಂಗಪೂಜೆಯ ಮಣೆಯಿಂದಲೇ ಗುಡುಗುತ್ತಿದ್ದರು: “ನಾನು ಯಾವ ರಾಜಕಾರಣಿ ಮನೆ ಬಾಗಿಲಲ್ಲೂ ಕೈಕಟ್ಟಿ ನಿಲ್ಲಲ್ಲ. ಅರ್ಜಿ ಹಾಕಿದೀನಿ. ಥ್ರೂ ಪ್ರಾಪರ್ ಚಾನಲ್.”

ಅಮ್ಮ ದಿನೇ ದಿನೇ ಬಿಳಿಚಿಕೊಳ್ಳುತ್ತಿದ್ದಳು. ಅಂಕಲ್ ಟೂರಿನಲ್ಲಿದ್ದರು. ನಾನು ಡ್ರಾಯರ್ ಎಳೆದೆ.

ಎರಡು ಸಾಲು ಬರೆದು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪನ ವಿಷಯವಲ್ಲವೇ! ಕಾನ್ವೆಂಟಿನಲ್ಲಿ ಕಲಿತದ್ದನ್ನೆಲ್ಲ ಸುರಿದೆ. ಮೂರು ಪ್ಯಾರಾಗ್ರಾಫ್. “ಐ ಶುಡ್ ಬಿ ಮೋಸ್ಟ್ ಗ್ರೇಟ್‌ಫುಲ್” ಎಂದು ಶುರುವಾಗಿ, ನಡುವೆ ಎರಡು ಪ್ಲೀಸ್, ಕೊನೆಗೆ “ಥ್ಯಾಂಕಿಂಗ್ ಯೂ ಇನ್ ಆಂಟಿಸಿಪೇಷನ್.” ಅಂದೇ ಪೋಸ್ಟ್ ಡಬ್ಬಿಗೆ ಹಾಕಿಬಿಟ್ಟೆ.

ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಶಿಕ್ಷಣ ಇಲಾಖೆಯಿಂದ ಫೋನು ಬಂತು. ಅಂಕಲ್ ಬನಿಯನ್, ಪಂಚೆಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದರು. ನಾನು ನಾಲ್ಕಡಿ ದೂರದಲ್ಲಿ ಟೈಪ್‌ರೈಟರ್ ಮುಂದೆ.

“ಹ್ಞೂಂ, ಹೇಳಿ ಸಾರ್... ಯಾವ ಮೇಷ್ಟ್ರು?... ಬೀದರಿಗಾ?... ಏನು, ಮೂರು ಪ್ಯಾರಾನಾ?”

ಲೋಟ ಕೆಳಗಿಟ್ಟು ನನ್ನತ್ತ ತಿರುಗಿದರು. ನನ್ನ ಬೆರಳು ಯಾವ ಅಕ್ಷರದ ಮೇಲಿತ್ತೋ ಅಲ್ಲೇ ನಿಂತಿತು. ಅಪ್ಪನ ಮಾನ, ಅಮ್ಮನ ಆಪರೇಷನ್ ಎರಡೂ ಆ ಫೋನಿನ ತಂತಿಗೆ ಜೋತುಬಿದ್ದಿದ್ದವು.

“ನಂದೇ ಪತ್ರ ಸಾರ್. ಸೈನ್ ನೋಡಿ, ನಂದೇ ತಾನೇ?... ಅನುಮಾನ ಯಾಕ್ರೀ? ಒಂದು ಸಲ ಮರ್ಯಾದೆಯಿಂದ ಬರೆದ್ರೆ ನಿಮಗೆ ಜ್ವರ ಬರುತ್ತಾ?... ಒಂದು ವರ್ಷ ಇಲ್ಲೇ ಇರ್ಲಿ ಬಿಡಿ. ಮನೇಲಿ ಹೆಂಗಸಿನ ಆಪರೇಷನ್ ಇದೆ. ಆಮೇಲೆ ಬೀದರಿಗಾದ್ರೂ ಕಳಿಸಿ, ಎಲ್ಲಿಗಾದ್ರೂ ಕಳಿಸಿ.”

ಫೋನಿಟ್ಟರು. ಡ್ರಾಯರಿನಲ್ಲಿ ಉಳಿದಿದ್ದ ಸಹಿಯ ಹಾಳೆಗಳನ್ನೆಲ್ಲ ತೆಗೆದು, ಒಂದೊಂದನ್ನೇ ನಾಲ್ಕು ತುಂಡು ಮಾಡಿದರು. ನಾನು ಅಳುತ್ತಿದ್ದೆ.

“ಸಾರಿ ಅಂಕಲ್.”

“ನಿಂದು ತಪ್ಪೇ. ಅದಕ್ಕಿಂತ ಹೆಚ್ಚು ನಂದು. ಖಾಲಿ ಹಾಳೆಗೆ ಸೈನ್ ಹಾಕೋನು ಎಂಥ ಎಂಎಲ್‌ಎ? ಇವತ್ತು ನೀನು ಅಪ್ಪಂಗೆ ಬರೆದೆ. ನಾಳೆ ಇನ್ನೊಬ್ಬ ಯಾರದೋ ಜಮೀನಿಗೆ ಬರೀತಾನೆ.”

“ಅಪ್ಪಂಗೆ ಹೇಳ್ತೀರಾ?”

“ನಿಮ್ಮಪ್ಪಂಗಾ?” ಎಂದು ತಣ್ಣಗಾದ ಕಾಫಿ ಎತ್ತಿಕೊಂಡರು. “ಹೇಳಿದ್ರೆ ಆ ಮನುಷ್ಯ ಇವತ್ತೇ ಬೀದರ್ ಬಸ್ ಹತ್ತುತ್ತಾನೆ. ಕಣ್ಣೊರೆಸ್ಕೊ. ಮುಂದಿನ ಪತ್ರ ಹಾಕು. ಎರಡೇ ಸಾಲು.”

ವರ್ಗ ರದ್ದಾದ ಆದೇಶ ಬಂದ ದಿನ ಅಪ್ಪ ಅದನ್ನು ಎರಡು ಸಲ ಜೋರಾಗಿ ಓದಿದರು. “ನೋಡಿದ್ಯಾ? ಅರ್ಜಿಯಲ್ಲಿ ಸತ್ಯ ಬರೆದರೆ ಸರ್ಕಾರಕ್ಕೂ ಕಣ್ಣು ಕಾಣುತ್ತೆ!” ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ಆ ತಿಂಗಳಲ್ಲೇ ಅಮ್ಮನ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು, “ಮನೇಲಿ ಹಾಲು ಕಾಯಿಸಿಟ್ಟಿದೀಯೇನೇ?” ಅಷ್ಟು ಸಾಧಾರಣವಾದ ಪ್ರಶ್ನೆಗೆ ಅಷ್ಟೊಂದು ಸಂತೋಷಪಟ್ಟು ನಾನು ಮತ್ತೆಂದೂ ಉತ್ತರ ಕೊಟ್ಟಿಲ್ಲ.

ಆ ಮೇಲಿನ ಚುನಾವಣೆಯಲ್ಲಿ ಅಂಕಲ್ ಸೋತರು. ಮತ್ತೆ ಗೆದ್ದರು, ಮತ್ತೆ ಸೋತರು, ಮತ್ತೆ ಗೆದ್ದರು. ಆ ಮೊದಲ ಸೋಲಿನ ನಂತರದ್ದನ್ನೆಲ್ಲ ನಾನು ಓದಿದ್ದು, ಮದುವೆಯಾಗಿ ಹೋದ ಬೊಂಬಾಯಿಗೆ ಎರಡು ದಿನ ತಡವಾಗಿ ಬರುತ್ತಿದ್ದ ಕನ್ನಡ ಪೇಪರಿನಲ್ಲಿ. ಅವರನ್ನು ಕಣ್ಣಾರೆ ಕಂಡ ಕೊನೆಯ ದಿನವೆಂದರೆ, ಅವರು ಮೊದಲ ಸಲ ಸೋತ ಮರುವರ್ಷ, ನನ್ನ ಮದುವೆಯ ಕರೆಯೋಲೆ ಕೊಡಲು ಅಪ್ಪನ ಜೊತೆ ಹೋದಾಗ.

ಜಗಲಿಯಲ್ಲಿ ಒಬ್ಬರೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕರೆಯೋಲೆ ಕೊಟ್ಟು, ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತು ಹೇಳಿದರು: “ಒಂದು ಸಮಾಧಾನ ಸ್ವಾಮಿ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ನಿಮ್ಮ ಹತ್ರ ಯಾವತ್ತೂ ಏನೂ ಕೇಳ್ಲಿಲ್ಲ ನಾನು.”

ಅಂಕಲ್ ಒಂದು ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ನನ್ನತ್ತ ತಪ್ಪಿಯೂ ನೋಡದೆ, “ನಿಜ ಮೇಷ್ಟ್ರೇ” ಎಂದರು. “ಈ ಬೀದೀಲಿ ನೀವೊಬ್ಬರೇ.”

ಅಪ್ಪನ ಮುಖ ಅರಳಿತು. ನಾನು ಬಗ್ಗಿ ಅಂಕಲ್ ಕಾಲು ಮುಟ್ಟಿದೆ. ಅವರೆಕಾಯಿಯ ಸೊಗಡು ಅಂಟಿದ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟರು.