ಆ ಕೈಯಳತೆಯ ಕಟ್ಟು

ಅವರ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು, ಕೈಗೆ ಅರಿಶಿನ ಹಚ್ಚಿಕೊಂಡು ಬಂದರೂ ಆ ಉಗುರಿನ ಅಂಚಿನಲ್ಲಿ ಸೊಪ್ಪಿನ ರಸದ ಕಲೆ ಉಳಿದೇ ಇರುತ್ತಿತ್ತು. ಅಗಲವಾದ ಅಂಗೈ, ಉದ್ದನೆಯ ಬೆರಳುಗಳು. ಹೆಬ್ಬೆರಳನ್ನೂ ನಡುಬೆರಳನ್ನೂ ಕೂಡಿಸಿ ಬಳೆಯಂತೆ ಹಿಡಿದರೆ ಅದೇ ಒಂದು ಕಟ್ಟು ಸೊಪ್ಪಿನ ಅಳತೆ. ಜರಗನಹಳ್ಳಿಯ ಅವರ ಶೆಡ್ಡಿಗೆ ಬರುವ ದಂಟು, ಮೆಂತ್ಯ, ಸಬ್ಬಸಿಗೆ ಎಲ್ಲವೂ ಆ ಬಳೆಯೊಳಗೆ ಬಿಗಿಯಾಗಿ ನಿಲ್ಲಬೇಕಿತ್ತು.

ಅವರ ಮನೆಯ ಮೇಲಿನ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು, ಈಗಲೂ ಇದ್ದೇವೆ. ಬೀದಿಯವರಿಗೆ ಅವರು ಸೊಪ್ಪಿನಮ್ಮ. ನನಗೆ ಬರೀ ಅಮ್ಮ. ಅವರ ಕುಟುಂಬದ ಹೊಲಗಳ ಮೇಲೆ ಮನೆಗಳೆದ್ದು ಎಷ್ಟೋ ಕಾಲವಾಗಿದೆ. ಬಾಡಿಗೆ ಬರುತ್ತಿತ್ತು, ಕೂತು ಉಣ್ಣಬಹುದಿತ್ತು. ಆದರೆ ಹಳೆಯ ದನದ ಕೊಟ್ಟಿಗೆಯೊಂದನ್ನು ಮಾತ್ರ ಕೆಡವಗೊಡದೆ, ಮೇಲೆ ಶೀಟು ಹೊದಿಸಿ, ಕೆಳಗೆ ಕಲ್ಲು ಹಾಸಿಸಿ, ಕನಕಪುರ ರಸ್ತೆಯ ಆಚೆಯ ಸಣ್ಣ ಬೆಳೆಗಾರರು ಸೊಪ್ಪು ಇಳಿಸುವ ಜಾಗ ಮಾಡಿದ್ದರು. ಹಾರೋಹಳ್ಳಿ ಕಡೆಯ ಕೆಲವು ಮನೆಯವರು ಸೇರಿ ಒಂದು ಲಗೇಜ್ ಆಟೋದಲ್ಲಿ ಬೆಳಕು ಹರಿಯುವ ಹೊತ್ತಿಗೆ ತಂದು ಹಾಕುತ್ತಿದ್ದರು. ಆಟೋ ಓಡಿಸುವವನೂ ಅವರಲ್ಲೇ ಒಬ್ಬ ಬೆಳೆಗಾರ. ಅಲ್ಲಿಂದ ಸೊಪ್ಪು ನೇರವಾಗಿ ಸುತ್ತಲಿನ ಮನೆಗಳಿಗೆ ಹೋಗುತ್ತಿತ್ತು. ಉಳಿದದ್ದನ್ನು ಬಿಟಿಎಂನಲ್ಲಿ ಮೆಸ್ ನಡೆಸುವ ಗದಗದ ಕಡೆಯ ಹೆಣ್ಣುಮಗಳೊಬ್ಬಳು ಬಂದು ಒಯ್ಯುತ್ತಿದ್ದಳು. ಅಂಥ ತುಂಡು ಹೊಲದವರಿಗೆ ದೊಡ್ಡ ಮಾರ್ಕೆಟ್ಟಿನಲ್ಲಿ ಬಾಯಿಯೇ ಇಲ್ಲ, ಅಲ್ಲಿಯವರು ಹೇಳಿದ ರೇಟಿಗೆ ಸುರಿದು ಬರಬೇಕು. ಇಲ್ಲಿ ಹಾಗಿರಲಿಲ್ಲ.

ಇಲ್ಲಿ ಯಾರೂ ಇಂಥದ್ದೇ ಬೇಕು ಎಂದು ಕೇಳುವಂತೆಯೂ ಇರಲಿಲ್ಲ. ಆ ದಿನ ಬಂದದ್ದನ್ನು ತೆಗೆದುಕೊಳ್ಳಬೇಕು. “ಹೊಲ ಏನ್ ಕಳಿಸ್ತದೋ ಅದೇ ಇವತ್ತಿನ ಸಾರು ಕಣವ್ವ” ಎನ್ನುತ್ತಿದ್ದರು. ನಾನೂ ಬೆಳಿಗ್ಗೆ ಬೇಳೆ ಒಲೆಯ ಮೇಲಿಟ್ಟು, ಕೆಳಗಿಳಿದು ಶೆಡ್ಡಿನಲ್ಲಿ ಇಣುಕಿ, ಆಮೇಲೆ ಬಸ್ಸಾರೋ ಮಸ್ಸೊಪ್ಪೋ ಎಂದು ತೀರ್ಮಾನಿಸುತ್ತಿದ್ದೆ.

ಹೊಸ ಬೆಳೆಗಾರ ಬಂದರೆ ಅವನ ಕೈಯನ್ನು ತಮ್ಮ ಕೈಗೆ ಒತ್ತಿ ಹಿಡಿದು ಬೆರಳಿನ ಅಳತೆ ತೋರಿಸುತ್ತಿದ್ದರು. ಯಾರಾದರೂ ತೆಳುವಾಗಿ ಕಟ್ಟಿ ತಂದರೆ ಬೈಗುಳವಿಲ್ಲ. ಅವನೆದುರೇ ಎರಡು ಕಟ್ಟು ಬಿಚ್ಚಿ ಒಂದು ಮಾಡಿ, ಬಾಳೆನಾರು ಸುತ್ತಿ ಪಕ್ಕಕ್ಕಿಡುತ್ತಿದ್ದರು. ದಪ್ಪ ಕಟ್ಟಿ ತಂದರೇ ಸಿಟ್ಟು. ಒಮ್ಮೆ ಆಟೋದವನು ಅವರನ್ನು ಮೆಚ್ಚಿಸಲು ಒಳ್ಳೇ ಗುಂಡುಗುಂಡು ಕಟ್ಟುಗಳನ್ನು ತಂದ. ಅಮ್ಮ ಒಂದೊಂದರಿಂದಲೂ ಒಂದಿಷ್ಟು ದಂಟು ಎಳೆದು ಅವನ ಮಡಿಲಿಗೇ ಹಾಕಿದರು.

“ಬಗ್ಗಿ ಕಿತ್ತೋಳು ನಿನ್ನೆಂಡ್ತಿ. ಪುಕ್ಸಟ್ಟೆ ಹಂಚಕ್ಕೆ ನಿಂಗ್ಯಾರ್ಲಾ ಹೇಳಿದ್ದು?”

“ಈ ಮಾತು ಅವಳ ಕಿವಿಗ್ ಬಿದ್ರೆ ನನ್ ಬಿಟ್ಟು ನಿಮ್ಮನೇಲೇ ಇದ್ಬುಡ್ತಾಳೆ ಅವ್ವ” ಎಂದು ಅವನು ನಕ್ಕ.

ಒಂದು ವರ್ಷ ಆ ಬೆಳೆಗಾರರ ಊರಿನ ಹತ್ತಿರವೇ ಯಾವುದೋ ಕಂಪನಿ ಸೊಪ್ಪು ಕೊಳ್ಳುವ ಕೇಂದ್ರ ತೆರೆಯಿತು. ಹೊಲದ ಬದುವಿನ ತನಕ ಗಾಡಿ ಬರುತ್ತದೆ, ರೇಟೂ ಹೆಚ್ಚು. ಆಟೋದವನು ಅದನ್ನು ಹೇಳಲು ಬಂದು, ಹೇಳಲಾರದೆ ಶೆಡ್ಡಿನ ಕಂಬ ಕೆರೆಯುತ್ತ ನಿಂತಿದ್ದ. ಅಮ್ಮನೇ ಅವನ ಬಾಯಿಂದ ಮಾತು ಹೊರಡಿಸಿದರು. ಎಲ್ಲ ಕೇಳಿಸಿಕೊಂಡು, “ಹೋಗ್ರಪ್ಪ. ನಾಕ್ ಕಾಸ್ ಜಾಸ್ತಿ ಸಿಕ್ಕೋ ಕಡೆ ಹೋಗದು ತಪ್ಪಲ್ಲ. ಅಲ್ಲಿ ಆಗ್ನಿಲ್ಲ ಅಂದ್ರೆ ಬನ್ನಿ, ನಾನಿರ್ತೀನಿ” ಎಂದರು.

ಕೊಟ್ಟ ಆ ಮಾತು ಅಮ್ಮನನ್ನು ಮಲಗಗೊಡಲಿಲ್ಲ. ಬೆಳೆಗಾರರು ಮರಳಿ ಬಂದ ದಿನ ಇಳಿಸಲು ಶೆಡ್ಡು ಇದ್ದರೆ ಸಾಲದು, ಕೊಳ್ಳುವ ಮನೆಗಳೂ ಇರಬೇಕಲ್ಲ. ಮನೆಗಳಿಗೆ ರೂಢಿ ತಪ್ಪಬಾರದೆಂದು ಮಾರ್ಕೆಟ್ಟಿನಿಂದ ಸೊಪ್ಪು ತರಿಸಿ, ಬಿಚ್ಚಿ, ತಮ್ಮ ಕೈಯಳತೆಗೆ ಮತ್ತೆ ಕಟ್ಟಿ, ತಾವೇ ಬೀದಿಬೀದಿ ಒಯ್ಯತೊಡಗಿದರು. ಮಂಡಿನೋವಿನವರು, ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಬುಟ್ಟಿ ಹಿಡಿದು ಜೊತೆಗೆ ಹೋಗುತ್ತಿದ್ದೆ.

ಪ್ರತಿ ಗೇಟಿನಲ್ಲೂ ಅವರು ಮೊದಲು ಹೇಳುತ್ತಿದ್ದ ಮಾತು ಒಂದೇ: ಇದು ನಮ್ಮವರ ಸೊಪ್ಪಲ್ಲ, ಮಾರ್ಕೆಟ್ಟಿನದು, ನಮ್ಮವರು ಬರುವ ತನಕ ಇದನ್ನೇ ತೆಗೆದುಕೊಳ್ಳಿ. ಕೇಳಿದವರು ಮುಖಮುಖ ನೋಡುತ್ತಿದ್ದರು. ಜೆ.ಪಿ. ನಗರದ ಒಬ್ಬಾಕೆ, ವರ್ಷಗಟ್ಟಲೆ ನಮ್ಮಲ್ಲೇ ಕೊಂಡವರು, ತುಂಬ ಮೆತ್ತಗೆ ಹೇಳಿದರು:

“ಮಾರ್ಕೆಟ್ ಸೊಪ್ಪೇ ಆದ್ರೆ ಫೋನಲ್ಲಿ ಒತ್ತಿದ್ರೆ ಬರತ್ತಲ್ಲ ಆಂಟಿ. ಕ್ಲೀನ್ ಮಾಡಿ, ಕಟ್ ಮಾಡಿ ಕೊಡ್ತಾರೆ. ನೀವ್ಯಾಕೆ ಸುಮ್ನೆ ಈ ಕಾಲಲ್ಲಿ ಓಡಾಡ್ತೀರಿ?”

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ವಾಪಸು ಬರುವಾಗ ನಾನು ತಡೆಯಲಾರದೆ, ಎಲ್ಲಿಯದು ಅಂತ ಕೇಳದೇ ಇರೋರಿಗೂ ಯಾಕಮ್ಮ ಹೇಳ್ತೀರಿ ಎಂದೆ. ಅವರು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು.

“ಇದ್ನೇ ನಮ್ಮೋರ್ದು ಅಂತ ಕೊಟ್ಬುಟ್ರೆ, ನಾಳೆ ಅವರ್ ಸೊಪ್ಪು ಬಂದಾಗ ಏನಂತ ಕೊಡ್ಲವ್ವ?”

ಮನೆಗಳು ಒಂದೊಂದಾಗಿ ಬಿಟ್ಟವು. ಬುಟ್ಟಿ ಚಿಕ್ಕದಾಯಿತು. ಮೆಸ್ಸಿನವಳು ಬಹಳ ದಿನ ಬಿಡದೆ ಬಂದಳು. ಕೊನೆಗೆ ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು, “ಹುಡುಗೂರು ತಾಟ್ ಇಟ್ಕೊಂಡ್ ಕುಂತಿರ್ತಾವ್ರಿ ಯಮ್ಮಾ. ಇಷ್ಟರಾಗ ನನಗ ಸಾಲೂದಿಲ್ಲ. ನಾ ಏನ್ ಮಾಡ್ಲಿ?” ಎಂದಳು. ಅಮ್ಮ ಇದ್ದಷ್ಟು ಮೆಂತ್ಯವನ್ನು ಅವಳ ಚೀಲಕ್ಕೆ ತುಂಬಿದರು. ಅವಳು ಹೋದ ಮೇಲೆ ಖಾಲಿ ನೆಲಕ್ಕೆ ನೀರು ಚಿಮುಕಿಸಿದರು, ಸೊಪ್ಪು ಇದ್ದ ದಿನಗಳಲ್ಲಿ ಮಾಡುತ್ತಿದ್ದ ಹಾಗೆಯೇ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ರಸ್ತೆಗೆ ಮುಖ ಮಾಡಿ ಕೂರುವುದೇ ಕೆಲಸವಾಯಿತು. ಯಾವುದೇ ಲಗೇಜ್ ಆಟೋದ ಸದ್ದಾದರೂ ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಆಟೋ ಸಿಮೆಂಟ್ ಚೀಲಗಳನ್ನೋ ನೀರಿನ ಕ್ಯಾನುಗಳನ್ನೋ ಹೊತ್ತು ಮುಂದೆ ಹೋಗುತ್ತಿತ್ತು. ನಾನು ಮೇಲಿನಿಂದ ನೋಡಿ ಒಳಗೆ ಬಂದುಬಿಡುತ್ತಿದ್ದೆ.

ಹಾಗೆ ಎದ್ದು ನಿಂತ ಒಂದು ದಿನವೇ ಬಿದ್ದರು. ಲಕ್ವ ಹೊಡೆದಿತ್ತು. ಬಲಗೈ ಹೋಯಿತು. ಹೊಸಕೆರೆಹಳ್ಳಿಯಿಂದ ಮಗಳು ಬಂದು ನೋಡಿಕೊಳ್ಳತೊಡಗಿದಳು.

ಅಷ್ಟರಲ್ಲಿ ಅತ್ತ ಕಂಪನಿಯವರ ತಕರಾರು ಶುರುವಾಗಿತ್ತಂತೆ. ಎಲೆಯಲ್ಲಿ ತೂತು, ಬೇರಿನಲ್ಲಿ ಮಣ್ಣು, ದಂಟು ಗಿಡ್ಡ ಎಂದು ದಿನಾ ಒಂದಿಷ್ಟು ವಾಪಸು. ಕಡೆಗೊಂದು ದಿನ ಕೇಂದ್ರದ ಬಾಗಿಲೇ ತೆರೆಯಲಿಲ್ಲ. ಹೊಲದಲ್ಲಿ ಸೊಪ್ಪು ಬಲಿತು ಹೂವಿಗೆ ಬರುವಂತಿತ್ತು. ಮಾರನೆಯ ಬೆಳಿಗ್ಗೆ ಆಟೋ ನಮ್ಮ ಶೆಡ್ಡಿನ ಮುಂದೆ, ಸೊಪ್ಪು ಹೊರಗೆ ಚೆಲ್ಲುವಷ್ಟು ತುಂಬಿಕೊಂಡು ನಿಂತಿತು.

ನಾನೂ ಆಟೋದವನೂ ಆ ಇಡೀ ಆಟೋವನ್ನು ಬೀದಿಬೀದಿ ತಿರುಗಿಸಿದೆವು. ಹಳೆಯ ಮನೆಗಳ ಬಾಗಿಲು ಒಂದೂ ಬಿಡದೆ ತಟ್ಟಿದೆವು. ಕೆಲವರು ಒಂದು ಕಟ್ಟು ಕೊಂಡರು, ನಮ್ಮ ಮುಖ ನೋಡಿ. ಉಳಿದವರ ಫ್ರಿಜ್ಜಿನಲ್ಲಿ ಆಗಲೇ ಸೊಪ್ಪಿತ್ತು. ಬಿಟಿಎಂಗೆ ಹೋದರೆ ಮೆಸ್ಸಿನವಳು ಬೇರೆ ಕಡೆ ಮಾತು ಕೊಟ್ಟಾಗಿತ್ತು; ಅವಳು ಅತ್ತೇಬಿಟ್ಟಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮನೆಗೆ ತಿರುಗಿದೆವು.

ಅವನು ಒಳಗೆ ಹೋಗಿ ಅಮ್ಮನ ಮಂಚದ ಹತ್ತಿರ ನೆಲದ ಮೇಲೆ ಕೂತ.

“ಖಾಲಿ ಆಯ್ತೇನ್ಲಾ?” ಅಮ್ಮನ ಮಾತು ತೊದಲುತ್ತಿತ್ತು.

“ಆಯ್ತವ್ವ.”

ಕಿಟಕಿ ತೆರೆದಿತ್ತು. ಆಟೋ ಅದರ ಕೆಳಗೇ ನಿಂತಿತ್ತು. ಬಿಸಿಲಿಗೆ ಬಾಡಿದ ಮೆಂತ್ಯದ ವಾಸನೆ ಕೋಣೆಯ ತುಂಬ ಇತ್ತು. ಜೀವಮಾನವಿಡೀ ಆ ವಾಸನೆ ಬಲ್ಲವರು. ಸುಳ್ಳು ಹೇಳಿದವನನ್ನು ಅವರು ಬೈಯಲಿಲ್ಲ. ಗೋಡೆಯ ಕಡೆ ನೋಡುತ್ತ, “ಮನೆಗಳ್ನ ಉಳಿಸ್ಕೊಳ್ಳಕ್ಕಾಗ್ನಿಲ್ಲ ಕಣಪ್ಪ” ಎಂದರು. ಅವನು ಅವರ ಸತ್ತ ಕೈಯನ್ನು ಎತ್ತಿ, ಹೆಬ್ಬೆರಳನ್ನು ನಡುಬೆರಳಿಗೆ ಕೂಡಿಸಿ ಹಿಡಿದುಕೊಂಡ. ಬಿಟ್ಟರೆ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಮತ್ತೆ ಕೂಡಿಸುತ್ತಿದ್ದ.

ಆ ತಿಂಗಳು ಕಳೆಯುವುದರೊಳಗೆ ಅಮ್ಮ ತೀರಿಕೊಂಡರು. ಶೆಡ್ಡಿನಲ್ಲಿ ಈಗ ಬೈಕ್ ರಿಪೇರಿ ನಡೆಯುತ್ತದೆ. ಅದನ್ನು ಬಾಡಿಗೆಗೆ ಕೊಟ್ಟ ಮಗಳನ್ನು ನಾನು ದೂರುವುದಿಲ್ಲ. ಸೊಪ್ಪು ಇಳಿಸಲು ಅವಳು ಮೆಟ್ಟಿಲ ಕೆಳಗಿನ ಜಾಗ ಬಿಟ್ಟುಕೊಟ್ಟಿದ್ದಾಳೆ. ಆಟೋದವನು ಅಲ್ಲಿಗೇ ತರುತ್ತಾನೆ, ಮೊದಲಿನಷ್ಟಲ್ಲ. ಅವನ ಜೊತೆಯವರಲ್ಲಿ ಕೆಲವರು ಸೊಪ್ಪು ಬಿತ್ತುವುದನ್ನೇ ಬಿಟ್ಟಿದ್ದಾರೆ. ಇನ್ನು ಎಷ್ಟು ದಿನ ಎಂದು ಅವನು ನನ್ನನ್ನು ಕೇಳುವುದಿಲ್ಲ, ನಾನು ಅವನನ್ನು ಕೇಳುವುದಿಲ್ಲ. ಹೋದ ವಾರ, ಮನೆಗಳು ಕಡಿಮೆ ಇವೆ, ಜನವೂ ಕಡಿಮೆ, ಕಟ್ಟು ಸ್ವಲ್ಪ ಸಣ್ಣದು ಮಾಡಪ್ಪ ಎಂದೆ. ಅವನು ತಲೆ ತಗ್ಗಿಸಿಕೊಂಡೇ, “ಅವ್ವನ ಕೈಗೆ ಕಟ್ಟೋದ್ ಕಲ್ತಿದೀವಿ ಅಕ್ಕ. ಬೇರೆ ಅಳತೆ ಕೈಗೆ ಬರಕಿಲ್ಲ” ಎಂದ.

ಇವತ್ತೂ ಅರ್ಧಕ್ಕರ್ಧ ಉಳಿದಿದೆ. ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿದೆ. ಇನ್ನು ಯಾರ ಗೇಟು ತಟ್ಟುವುದೆಂದು ಯೋಚಿಸುತ್ತ ದಂಟಿನ ಒಂದು ಕಟ್ಟನ್ನು ಕೈಗೆತ್ತಿಕೊಂಡು ಸುತ್ತ ಬೆರಳು ಹಾಕಿದೆ. ಎಷ್ಟು ಬಿಗಿಯಾಗಿ ಹಿಡಿದರೂ ನನ್ನ ಹೆಬ್ಬೆರಳು ನಡುಬೆರಳನ್ನು ಮುಟ್ಟಲಿಲ್ಲ.