ಅಡವಿ ಎಲ್ಲಿಂದ ಸುರು?

ನಾನು ಸಾಲಿ ಬಿಟ್ಟದ್ದು ೧೯೭೦ರಲ್ಲಿ, ಏಳನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ. ಯಾರೂ ಬಿಡಿಸಲಿಲ್ಲ, ಮಾಸ್ತರರು ಹೊಡೆದು ಓಡಿಸಲೂ ಇಲ್ಲ. ಮನೆಯಲ್ಲಿ ಮಗ್ಗ ಎರಡು, ನೇಯುವವನು ಅಪ್ಪ ಒಬ್ಬನೇ. ಸುಮ್ಮನೆ ನಿಂತ ಮಗ್ಗ ಕಂಡರೆ ನನಗೆ ಆಗಲೂ ತಡೆಯುತ್ತಿರಲಿಲ್ಲ, ಈಗಲೂ ತಡೆಯುವುದಿಲ್ಲ. ಹೋಗಿ ಕುಳಿತೆ. ಹಾಗೆ ಕುಳಿತವನು ಖಾಸಬಾಗದ ಓಣಿಯಲ್ಲಿ ಇವತ್ತಿಗೂ ಸೀರೆ ನೇಯುತ್ತಿದ್ದೇನೆ. ನನ್ನ ಸೀರೆಯ ಸೆರಗಿನಲ್ಲಿ ತಪ್ಪಿದ ಎಳೆ ತೋರಿಸುವವರು ಇನ್ನೂ ಹುಟ್ಟಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂತಲೇ ತಿಳಿಯಿರಿ. ಆದರೆ ಸಾಲಿ ಅರ್ಧಕ್ಕೆ ಬಿಟ್ಟವನ ತಲೆಯಲ್ಲಿ ಪ್ರಶ್ನೆಗಳು ಪರೀಕ್ಷೆ ಮುಗಿಸಿಕೊಂಡು ಹೊರಗೆ ಹೋಗುವುದಿಲ್ಲ, ಅಲ್ಲೇ ಬಿಡಾರ ಹೂಡುತ್ತವೆ. ಸದ್ಯ ಬಿಡಾರ ಹೂಡಿರುವುದು ಇದು: ಅಡವಿ ಎಲ್ಲಿಂದ ಸುರುವಾಗುತ್ತದೆ?

ಇದನ್ನು ತಲೆಗೆ ತುಂಬಿದ್ದು ಒಂದು ಸಿನಿಮಾ. ಹೋದ ವರ್ಷ, ಎಂಬತ್ತೆಂಟರ ದೀಪಾವಳಿ ಸೂಟಿಯಲ್ಲಿ, ಮಕ್ಕಳ ಕಾಟ ತಾಳಲಾರದೆ ಮಿಲಿಟರಿ ಕ್ಯಾಂಪಿನ ಕಡೆಯ ಥೇಟರಿಗೆ ಹೋದೆವು. ಹತ್ತು ವರ್ಷದ ಮಗಳು ಕಸ್ತೂರಿ, ಏಳರ ಮಗ ಈರಣ್ಣ, ಹೆಂಡತಿ ಶಾಂತವ್ವ ಮತ್ತು ನಾನು. ಸಿನಿಮಾ ಇಂಗ್ಲಿಷಿನದು. ನಮ್ಮ ನಾಲ್ವರಲ್ಲಿ ಆ ಭಾಷೆ ಬರುವವರು ಒಬ್ಬರೂ ಇಲ್ಲ. ಆದರೂ ಕಥೆ ತಿಳಿಯಿತು. ಒಬ್ಬ ಅಪ್ಪ ದಂಡೆಯ ಮೇಲೆ ನಿಂತು ಕೈ ಬೀಸುತ್ತಾನೆ. ಅವನ ಮೂವರು ಮಕ್ಕಳು ದೋಣಿಯಲ್ಲಿ ಹೊರಟು, ದೋಣಿ ಒಡೆದು, ಗೊಂಡಾರಣ್ಯದಲ್ಲಿ ಬೀಳುತ್ತಾರೆ. ಹಣ್ಣು ತಿನ್ನುತ್ತಾರೆ, ಕೈಯಿಂದಲೇ ಮೀನು ಹಿಡಿಯುತ್ತಾರೆ, ಕರಡಿ ಬಂದರೆ ಬೆಂಕಿ ತೋರಿಸಿ ಓಡಿಸುತ್ತಾರೆ. ಕಡೆಗೆ ಅಪ್ಪ ಹೆಲಿಕಾಪ್ಟರಿನಿಂದ ಇಳಿದು ಬಂದು ಅಪ್ಪಿಕೊಳ್ಳುತ್ತಾನೆ. ಥೇಟರಿನಲ್ಲಿ ಎಲ್ಲರ ಕಣ್ಣೂ ಒದ್ದೆ.

ನನ್ನ ಕಣ್ಣು ಮಾತ್ರ ಆ ಮೂವರಲ್ಲಿ ದೊಡ್ಡ ಹುಡುಗಿಯ ಸ್ವೆಟರಿನ ಮೇಲಿತ್ತು. ಮಳೆಯಲ್ಲಿ ನೆನೆಯಿತು, ಮುಳ್ಳಿನಲ್ಲಿ ನುಗ್ಗಿತು, ಬಂಡೆಯ ಮೇಲಿಂದ ಜಾರಿತು. ಒಂದು ಎಳೆಯೂ ಕಿತ್ತು ಬರಲಿಲ್ಲ. ಇದು ಯಾವ ಊರಿನ ನೂಲು ಅಂತ ಶಾಂತವ್ವನ ಕಿವಿಯಲ್ಲಿ ಕೇಳಿದೆ.

"ಸಿನಿಮಾ ನೋಡಾಕ ಬಂದೀರೋ, ಮಾಲು ನೋಡಾಕ ಬಂದೀರೋ?" ಅಂದಳು.

ಇನ್ನೊಂದು ಸೋಜಿಗ. ನಮ್ಮ ಪುರಾಣದ ಕಥೆಗಳಲ್ಲಿ ಅಡವಿಗೆ ಹೋಗುವವರು ದೊಡ್ಡವರು. ಜೂಜಿನಲ್ಲಿ ಸೋತೋ, ಯಾರದೋ ಶಾಪಕ್ಕೆ ಸಿಕ್ಕೋ ಹೋಗಿ, ಬಡಕಲಾಗಿ, ಗಡ್ಡ ಬಿಟ್ಟುಕೊಂಡು ತಿರುಗಿ ಬರುತ್ತಾರೆ. ಈ ಪರದೇಶದ ಮಕ್ಕಳೋ, ಏನೂ ತಪ್ಪು ಮಾಡದೆ ಅಡವಿ ಸೇರಿ, ಹೋಗುವಾಗ ಇದ್ದುದಕ್ಕಿಂತ ಗುಂಡಗಾಗಿ ಬಂದರು. ಅವರ ಅಡವಿಯೇ ಬೇರೆ ಜಾತಿಯದೋ, ಅಥವಾ ಅಡಿಗೆಯವರು ಪರದೆಯ ಹಿಂದೆ ಇದ್ದರೋ, ಗೊತ್ತಾಗಲಿಲ್ಲ.

ಮರುದಿನವೇ ಖಾನಾಪುರದ ಬಸ್ಸು ಹತ್ತಿದೆವು. ಶಾಂತವ್ವನ ಅಕ್ಕನನ್ನು ಅಲ್ಲಿಂದ ಆಚೆ, ಅಡವಿಯ ಅಂಚಿನ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಅವಳ ಗಂಡ, ಅಂದರೆ ನನ್ನ ಷಡ್ಡಕ ಬಸಪ್ಪ, ಭತ್ತ ಬೆಳೆಯುವ ಮನುಷ್ಯ. ಬಸ್ಸಿನಲ್ಲಿ ಮಕ್ಕಳ ಬಾಯಿ ನಿಲ್ಲಲಿಲ್ಲ.

"ಅಪ್ಪಾ, ಖಾನಾಪುರದ ಅಡವ್ಯಾಗ ಕರಡಿ ಅದಾವೇನು?" ಅಂತ ಕಸ್ತೂರಿ.

"ಅದಾವು ಅಂತಾರ."

ಈರಣ್ಣನ ಚಿಂತೆ ಬೇರೆ. "ನಾವು ಮೀನ ತಿನ್ನಂಗಿಲ್ಲಲ್ಲ. ಅಡವ್ಯಾಗ ಬಿದ್ರ ನಾವು ಏನು ತಿನ್ನೂದು?"

"ನಿಮ್ಮವ್ವ ರೊಟ್ಟಿ ಕಟ್ಟಿಕೊಡ್ತಾಳ" ಅಂದೆ. ಹುಡುಗ ಅದನ್ನು ಖರೇ ಅಂತ ತಿಳಿದು ತಲೆಯಾಡಿಸಿದ. ಅವನು ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೂ ಅಕ್ಕನ ಲಂಗದ ಚುಂಗು ಹಿಡಿಯುವವನು.

ಶಾಂತವ್ವನ ಅಕ್ಕನ ಮನೆಯಲ್ಲಿ ಉಂಡು, ಜಗಲಿಯ ಮೇಲೆ ಮಲಗಿದೆ. ಎದ್ದಾಗ ಬಿಸಿಲು ಇಳಿದಿತ್ತು. ಮನೆಯಲ್ಲಿ ಯಾರ ಸದ್ದೂ ಇಲ್ಲ. ಅಕ್ಕತಂಗಿಯರು ಹೊಳೆಗೆ ಹೋಗುತ್ತೇವೆ ಅಂದದ್ದು ನೆನಪಿತ್ತು, ಮಕ್ಕಳೆಲ್ಲಿ? ರೊಟ್ಟಿಬುಟ್ಟಿಯ ಮುಚ್ಚಳ ಬಾಜು ಬಿದ್ದಿತ್ತು. ಎದುರು ಮನೆಯ ಮುದುಕಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಮಾತು ಮರಾಠಿ.

"ಆಯೀ, ಪೋರಂ ಕುಠಂ?" ಮಕ್ಕಳೆಲ್ಲಿ ಅಂತ ಕೇಳಿದೆ.

ತಲೆ ಎತ್ತದೆ ಅಂದಳು: "ರಾನಾತ ಗೇಲ್ಯಾತ."

ರಾನಕ್ಕೆ ಹೋಗಿದ್ದಾರೆ ಅಂತ. ಈ ರಾನ ಅನ್ನುವ ಶಬ್ದ ನಮ್ಮ ಅಡವಿಯ ಹಾಗೆಯೇ. ಹೊಲಕ್ಕೂ ಅದೇ, ಕಾಡಿಗೂ ಅದೇ. ನನ್ನಜ್ಜ ದಿನಾ ಬುತ್ತಿ ಕಟ್ಟಿಕೊಂಡು "ಅಡವಿಗಿ ಹೋಗಿ ಬರ್ತೇನಿ" ಅಂತ ಅನಗೋಳದ ಆಚೆಯ ಹೊಲಕ್ಕೆ ಹೋಗುತ್ತಿದ್ದ. ಸಂಜೆಗೆ ಮೆಣಸಿನಕಾಯಿ ತರುತ್ತಿದ್ದ. ಅವನು ಕರಡಿಯ ಬಾಯಿಗೆ ಬಿದ್ದಾನೆಂದು ಅಜ್ಜಿ ಒಂದು ದಿನವೂ ಅಳಲಿಲ್ಲ. ಹುಟ್ಟಿದಾಗಿನಿಂದ ಎರಡೂ ಶಬ್ದ ಕೇಳಿದ ಮನುಷ್ಯ ನಾನು. ಆದರೆ ಹಿಂದಿನ ದಿನ ಥೇಟರಿನಲ್ಲಿ ಕುಳಿತದ್ದೇ ನೆಪ, ಅಜ್ಜನ ಹೊಲ ಆ ಶಬ್ದದೊಳಗಿಂದ ಜಾರಿಹೋಗಿತ್ತು. ಉಳಿದದ್ದು ಬರೀ ಗಿಡಮರ, ಬಂಡೆ, ಕರಡಿ. ಅದರ ನಡುವೆ ಅಕ್ಕನ ಲಂಗ ಹಿಡಿದ ಈರಣ್ಣ.

ಚಪ್ಪಲಿ ಮೆಟ್ಟಿದವನೇ ಊರ ಹಿಂದಿನ ಗಿಡಗಂಟಿಯೊಳಗೆ ನುಗ್ಗಿದೆ. ಎತ್ತ ಹೋಗಬೇಕು ಅಂತ ಮುದುಕಿಯನ್ನು ಕೇಳಲಿಲ್ಲ. ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಮೊದಲು ಕಾಲುದಾರಿ ಇತ್ತು. ಅದು ಎರಡಾಯಿತು, ಆಮೇಲೆ ಯಾವುದೂ ಇಲ್ಲದಾಯಿತು. ಕಸ್ತೂರೀ ಅಂತ ಕೂಗಿದೆ, ಈರಣ್ಣಾ ಅಂತ ಕೂಗಿದೆ. ಹಿಂದೊಂದು ಹಕ್ಕಿ ಪಟಪಟ ಅಂತ ಎದ್ದು ಹೋಯಿತು. ಸಿನಿಮಾದ ಅಡವಿಯಲ್ಲಿ ಅಪಾಯ ಬರುವ ಮುಂಚೆ ಡೋಲು ಬಡಿಯುತ್ತಾರೆ. ಇಲ್ಲಿ ಯಾವ ಸೂಚನೆಯೂ ಇಲ್ಲ, ಅದೇ ಹೆಚ್ಚು ಹೆದರಿಕೆ. ಚಪ್ಪಲಿಯ ಉಂಗುಟ ಕಿತ್ತಿತು. ಹಬ್ಬಕ್ಕೆ ಹೊಲಿಸಿದ ಅಂಗಿಯ ತೋಳನ್ನು ಮುಳ್ಳಿನ ಕಂಟಿ ಹಿಡಿದು ಉದ್ದಕ್ಕೆ ಸೀಳಿತು. ಆ ಹುಡುಗಿಯ ಸ್ವೆಟರು ನೆನಪಾಗಿ ಸಿಟ್ಟು ಬಂತು. ಗಿಡ ಹತ್ತಿ ನೋಡೋಣ ಅಂದರೆ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳೆದವನಿಗೆ ಕಾಲನ್ನು ಮೇಲೆ ಎತ್ತುವ ವಿದ್ಯೆ ಎಲ್ಲಿಂದ ಬರಬೇಕು. ಎರಡು ಮೊಳ ಹತ್ತಿ ಜಾರಿದೆ.

ಅಲ್ಲೇ ಕುಳಿತೆ. ಬಿಸಿಲು ಗಿಡಗಳ ತುದಿಗೆ ಹೋಗಿತ್ತು. ಇನ್ನೊಂದು ಗಳಿಗೆ ಕಳೆದರೆ ಅದೂ ಇಲ್ಲ. ಆಗ ಆ ಹುಡುಗ ಏನು ಮಾಡುತ್ತಾನೆ ಅನ್ನುವುದನ್ನು ಬಿಟ್ಟು ಬೇರೆ ಯಾವ ಯೋಚನೆಯೂ ಬರಲಿಲ್ಲ. ಶಾಂತವ್ವ ಹೊಳೆಯಿಂದ ಬಂದು, ಮಕ್ಕಳೆಲ್ಲಿ ಅಂತ ಕೇಳಿದರೆ ಏನು ಹೇಳಲಿ? ಮಲಗಿದ್ದೆ ಅನ್ನಲೇ? ಮತ್ತೆ ಎದ್ದು ಕೂಗಿದೆ. ಗಂಟಲು ಹರಿಯುವಷ್ಟು ಕೂಗಿದೆ.

"ಅಪ್ಪಾ, ಅಲ್ಲೇ ನಿಂದರು. ಅಲ್ಲಾಡಬ್ಯಾಡ."

ಕಸ್ತೂರಿಯ ದನಿ. ಕಂಟಿ ಸರಿಸಿಕೊಂಡು ಬಂದಳು. ಅವಳ ಲಂಗದ ಚುಂಗು, ಚುಂಗಿಗೆ ಈರಣ್ಣ, ಅವನ ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಹಿಂದೆ ಬಸಪ್ಪ, ಬಗಲಲ್ಲಿ ಒಂದು ಖಾಲಿ ಎಣ್ಣೆಡಬ್ಬಿ.

"ಏನ್ರಿ ನೇಕಾರ್ರ, ಇಲ್ಲೇನು ಮಗ್ಗ ಹೂಡಾಕ ಜಾಗಾ ನೋಡಾಕ ಬಂದೀರಿ?" ಅಂದ ಬಸಪ್ಪ.

ಮಕ್ಕಳಿಬ್ಬರ ತಲೆಯನ್ನೂ ಮುಟ್ಟಿ ನೋಡಿದೆ. ಕಸ್ತೂರಿ ನನ್ನ ಕೈ ಹಿಡಿದಳು, ಸಿನಿಮಾದ ಆ ದೊಡ್ಡ ಹುಡುಗಿ ಸಣ್ಣವರ ಕೈ ಹಿಡಿದ ಹಾಗೆ. "ಹೆದರಬ್ಯಾಡಪಾ, ಹೊಲಾ ಇಲ್ಲೇ ಐತಿ" ಅಂದಳು. ಇಲ್ಲೇ ಇತ್ತು. ನಾಲ್ಕು ಕಂಟಿ ದಾಟಿದರೆ ಹಣ್ಣಾದ ಭತ್ತ, ನಡುವೆ ಒಂದು ಅಟ್ಟಣಿಗೆ. ಮಕ್ಕಳು ಮಧ್ಯಾಹ್ನದಿಂದ ಅಲ್ಲಿ ಕುಳಿತು, ಡಬ್ಬಿ ಬಡಿದು ಗಿಳಿ ಓಡಿಸುತ್ತಿದ್ದರಂತೆ. ನಾನು ಕೂಗಿದ್ದು ಮೊದಲೇ ಕೇಳಿಸಿತ್ತು, ದನ ಕಾಯುವವರು ಯಾರೋ ಅಂದುಕೊಂಡರಂತೆ. ಡಬ್ಬಿಯ ಸದ್ದು ಮಾತ್ರ ನನ್ನ ಕೂಗಾಟದಲ್ಲಿ ನನಗೆ ಕೇಳಿಸಿರಲಿಲ್ಲ.

ಅಟ್ಟಣಿಗೆಯ ಮೇಲೆ ಕುಳಿತು ನೀರು ಕುಡಿದ ಮೇಲೆ ನನ್ನ ಜಿಜ್ಞಾಸೆ ತಿರುಗಿ ಬಂತು. ಸುತ್ತ ನೋಡಿದರೆ ಬೇಲಿ ಇಲ್ಲ, ಬದುವಿನ ಪಕ್ಕವೇ ಗಿಡ.

"ಬಸಪ್ಪಣ್ಣಾ, ನಿನ್ನ ಹೊಲ ಎಲ್ಲಿಗೆ ಮುಗೀತೈತಿ, ಅಡವಿ ಎಲ್ಲಿಂದ ಸುರು?"

ಅವನು ಡಬ್ಬಿಗೆ ಎರಡು ಏಟು ಹಾಕಿದ. "ಇದು ಕೇಳೂ ತನಕ ನಂದು. ಅಲ್ಲಿಂದ ಆಚೆಕ ಹಂದೀದು."

ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಹಂದಿಗೆ ಇದು ಒಪ್ಪಿಗೆಯೋ ಇಲ್ಲವೋ ಕೇಳಿದವರಿಲ್ಲ.

ಈಗ ಖಾಸಬಾಗದಲ್ಲಿ ನಮ್ಮ ಮಕ್ಕಳು ಓಣಿಗೆಲ್ಲ ಹೇಳುತ್ತಾರೆ: "ನಮ್ಮಪ್ಪ ಅಡವ್ಯಾಗ ಕಳದಿದ್ದ, ನಾವು ಹುಡುಕಿ ತಂದ್ವಿ." ಮೊದಮೊದಲು ನಾನು ತಿದ್ದುತ್ತಿದ್ದೆ, ಕಳೆದಿರಲಿಲ್ಲ, ಹುಡುಕುತ್ತಿದ್ದೆ ಅಂತ. ಶಾಂತವ್ವ ನಕ್ಕು, "ಇರಲಿ ಬಿಡ್ರಿ, ಎರಡೂ ಒಂದ" ಅಂದಳು.

ಹಾಗೆ ನೋಡಿದರೆ ಆ ಸಿನಿಮಾದಲ್ಲಿ ಒಂದು ದೊಡ್ಡ ತೂತು ಇದೆ. ಅಪ್ಪನನ್ನು ಮೊದಲು ದಂಡೆಯ ಮೇಲೆ ತೋರಿಸಿದರು, ಕಡೆಗೆ ಹೆಲಿಕಾಪ್ಟರಿನಲ್ಲಿ ತೋರಿಸಿದರು. ನಡುವೆ ಅಷ್ಟು ದಿನ ಅವನು ಎಲ್ಲಿದ್ದ? ಏನು ಉಂಡ, ಅವನ ಚಪ್ಪಲಿ ಎಲ್ಲಿ ಕಿತ್ತಿತು, ಹೆಂಡತಿಗೆ ಏನು ಹೇಳಿದ? ಮಕ್ಕಳಿಗಾದರೂ ಹಣ್ಣು ಇತ್ತು, ಮೀನು ಇತ್ತು, ಬೆಂಕಿ ಇತ್ತು. ಅವನು ಬದುಕಿ ಉಳಿದದ್ದು ಹೇಗೆ ಅನ್ನುವುದನ್ನು ಯಾರೂ ಸಿನಿಮಾ ಮಾಡಿಲ್ಲ.

ಸಾಲಿ ಬಿಟ್ಟು ಇಷ್ಟು ವರ್ಷದಲ್ಲಿ ದುಡಿದು ಮಾಡಿಕೊಂಡದ್ದನ್ನು ಎಣಿಸು ಅಂದರೆ ಎಣಿಸಬಲ್ಲೆ. ಮಗ್ಗ ಮೂರು. ಸ್ವಂತದ ಖೋಲಿ ಎರಡು. ಸೈಕಲ್ ಒಂದು. ಹೆಂಡತಿ ಒಬ್ಬಳು. ಮಕ್ಕಳು ಇಬ್ಬರು. ಇಬ್ಬರೂ ಒಳಗೆ ಇದ್ದಾರೆ, ಈಗಷ್ಟೇ ಎದ್ದು ಹಣಿಕಿ ನೋಡಿ ಬಂದೆ.