ಉಪವಾಸ ಮಾಡಿ ದಪ್ಪಗಾದ ಸಾವುಕಾರ

ಶಹಾಪುರದ ಬಟ್ಟೆ ಅಂಗಡಿಯ ಸಂಗಮನಾಥ ಐವತ್ತು ದಾಟುವವರೆಗೂ ತನ್ನ ಮೈಯನ್ನು ಒಂದು ತೊಂದರೆ ಎಂದು ಎಣಿಸಿದವನೇ ಅಲ್ಲ. ಗಾದಿಯ ಮೇಲೆ ಅವನು ಕೂತರೆ ಸಾಕು, ಗಿರಾಕಿ ಇಲ್ಲದ ದಿನವೂ ಅಂಗಡಿ ತುಂಬಿದಂತೆ ಕಾಣುತ್ತಿತ್ತು. ನಮ್ಮ ಕಡೆ ಸಾವುಕಾರ ಅಂದ ಮೇಲೆ ಹೊಟ್ಟೆ ಇರಲೇಬೇಕು. ಸಣಕಲು ಸಾವುಕಾರನ ಹತ್ತಿರ ಮದುವೆಯ ಜವಳಿ ತೆಗೆಯಲು ಜನ ಹಿಂದೆಮುಂದೆ ನೋಡುತ್ತಾರೆ. ತನ್ನ ಮೈಯನ್ನೇ ನೋಡಿಕೊಳ್ಳಲಾಗದವನು ನಮಗೇನು ಒಳ್ಳೆಯ ಮಾಲು ಕೊಟ್ಟಾನು ಎಂಬ ಗುಮಾನಿ.

ಹೀಗೆ ಎಲ್ಲ ನೆಟ್ಟಗಿರುವಾಗ ಹೆಂಡತಿ ಪವಿತ್ರಾಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು, ನೀರನ್ನೂ ಅಳೆದು ಕುಡಿಯುವುದು ಅವಳ ಪಾಡಾಯಿತು. ಅಕ್ಕನ ಸಲುವಾಗಿ ಜೀವ ಕೊಡುತ್ತೇವೆ ಎನ್ನುತ್ತಿದ್ದ ತಮ್ಮಂದಿರು, ಜೀವ ಬೇಡ ಕಿಡ್ನಿ ಸಾಕು ಅಂದ ಕೂಡಲೇ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಸಂಗಮನಾಥ ತಾನೇ ಪರೀಕ್ಷೆ ಮಾಡಿಸಿಕೊಂಡ. ಎಲ್ಲ ಹೊಂದಿಕೆಯಾಯಿತು. ಕಲಬುರಗಿಯ ಡಾಕ್ಟರರು ಮಾತ್ರ ಅವನನ್ನು ಮೇಲಿಂದ ಕೆಳಗೆ ನೋಡಿ, ಈ ಮೈಯಿಟ್ಟುಕೊಂಡು ಕಿಡ್ನಿ ಕೊಟ್ಟರೆ ನಾಳೆ ನಿಮ್ಮದೂ ಕೆಡುತ್ತದೆ, ಎಂಬತ್ತೈದು ಕಿಲೋಕ್ಕಿಂತ ಕೆಳಗಿಳಿದು ಬನ್ನಿ, ಆಮೇಲೆ ಮುಂದಿನ ಮಾತು ಎಂದರು. ಅವನಾಗ ನೂರರ ಮೇಲಿದ್ದ. ಬೇಗ ಇಳಿಯಬೇಕು, ನಿಮ್ಮ ಮನೆಯವರಿಗೆ ಬಹಳ ದಿನ ಕಾಯಲಾಗುವುದಿಲ್ಲ ಎಂದೂ ಹೇಳಿದರು.

ಸುದ್ದಿ ಕಕ್ಕೇರಾ ಮುಟ್ಟಿತು. ಅಲ್ಲಿಂದ ಅವನ ಅಕ್ಕ ಶಿವಬಸಮ್ಮ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಂಡು ಬುದ್ಧಿ ಹೇಳಲು ಬಂದಳು.

"ಹೇಣ್ತಿ ಗಂಡಗ ಕೊಟ್ಟದ್ದು ಕೇಳೀನಿ ತಮ್ಮಾ. ಗಂಡ ಹೇಣ್ತಿಗಿ ಕೊಟ್ಟದ್ದು ಎಲ್ಲೂ ಕೇಳಿಲ್ಲ."

"ಹಂಗಾರ ಈಗ ಕೇಳು," ಅಂದ ಸಂಗಮನಾಥ. ಒಳ್ಳೆಯ ಮಾತೇ. ಆದರೆ ಅಷ್ಟು ಹೇಳುವುದರೊಳಗೆ ಎರಡನೆಯ ಹೋಳಿಗೆ ಮುಗಿಸಿದ್ದ.

ಮರುದಿನದಿಂದ ನಡಿಗೆ ಶುರು. ಮಲಗಿದ ಬುದ್ಧನ ಗುಡ್ಡ ಕಾಣುವವರೆಗೆ ನಡೆದೇ ತೀರುತ್ತೇನೆ ಎಂದು ಬಜಾರಿನಲ್ಲೆಲ್ಲ ಸಾರಿದ. ಶಹಾಪುರದಲ್ಲಿ ಆ ಗುಡ್ಡ ಮನೆಯ ಮಾಳಿಗೆ ಏರಿದರೂ ಕಾಣುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಸಾವುಕಾರ ಅಷ್ಟು ಮೋಸಗಾರನಲ್ಲ, ಬಸ್‌ ಸ್ಟ್ಯಾಂಡಿನವರೆಗಾದರೂ ಹೋಗುತ್ತಿದ್ದ. ಅಲ್ಲಿ ಬಿಸಿ ಮಿರ್ಚಿ ಭಜಿಯ ಬಂಡಿ. ಜೊತೆಗೆ ನಡೆಯುವ ಗೆಳೆಯರು ನಿಂತರೆ ಇವನೊಬ್ಬನೇ ಮುಂದೆ ಹೋಗುವುದು ಮರ್ಯಾದೆಯೇ? ನಿಲ್ಲುತ್ತಿದ್ದ.

ನಡಿಗೆಯಿಂದ ಮೈ ಇಳಿಯುವ ಲಕ್ಷಣ ಕಾಣದೆ ಹೋದಾಗ ಉಪಾಯ ಹೇಳಿದವಳು ಪವಿತ್ರಾ. ಒಪ್ಪತ್ತು ಹಿಡಿಯಿರಿ, ಮೈಯೂ ಇಳಿಯುತ್ತದೆ, ದೇವರೂ ಒಲಿಯುತ್ತಾನೆ ಎಂದಳು. ಸೋಮವಾರ ಈಶ್ವರನದು, ಶನಿವಾರ ಹನುಮಪ್ಪನದು. ಮೇಲೆ ಅಮಾವಾಸ್ಯೆ, ಸಂಕಷ್ಟಿ, ಏಕಾದಶಿ. ತಿಂಗಳಾಗುವುದರೊಳಗೆ ಗುರುವಾರಕ್ಕೂ ಒಬ್ಬ ದೇವರು ಸಿಕ್ಕ. ಹಗಲು ಉಪವಾಸ, ರಾತ್ರಿ ಒಂದೇ ಊಟ. ಸಂಗಮನಾಥ ಖುಷಿಯಿಂದ ಒಪ್ಪಿದ.

ಉಪವಾಸ ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೊಟ್ಟಿ, ಅನ್ನ ಮುಟ್ಟಬಾರದು. ಅದು ಊಟ. ಉಳಿದದ್ದೆಲ್ಲ ಫಳಾರ. ಫಳಾರಕ್ಕೆ ಲೆಕ್ಕವಿಲ್ಲ, ದೋಷವಿಲ್ಲ, ಡಾಕ್ಟರರ ಅಪ್ಪಣೆಯೂ ಬೇಕಿಲ್ಲ. ಬೆಳಿಗ್ಗೆ ಪವಿತ್ರಾ ತುಪ್ಪ ಸುರಿದು ಸಾಬೂದಾನಿ ಖಿಚಡಿ ಮಾಡುವಳು. ಹತ್ತು ಗಂಟೆಗೆ ಅಂಗಡಿಗೆ ಶೇಂಗಾ ಉಂಡಿ, ಬಾಳೆಹಣ್ಣು. ಮಧ್ಯಾಹ್ನ ಆಲೂಗಡ್ಡೆ ಪಲ್ಯ, ಖರ್ಜೂರ, ಕೆನೆಗಟ್ಟಿದ ಹಾಲು. ಸಂಜೆ ಪೇಢೆ, ಯಾಕೆಂದರೆ ಪ್ರಸಾದ ಬೇಡ ಅನ್ನಬಾರದು. ರಾತ್ರಿ ಒಪ್ಪತ್ತು ಬಿಡುವಾಗ ನೈವೇದ್ಯದ ಗೋಧಿ ಹುಗ್ಗಿ. ಇಷ್ಟೆಲ್ಲ ಆದ ಮೇಲೂ ಸಾವುಕಾರ ಗಾದಿಗೆ ಒರಗಿ, ಹೊಟ್ಟೆಗೆ ಅನ್ನವಿಲ್ಲದ ದನಿ ತೆಗೆದು, ಇವತ್ತು ನಂದು ಉಪಾಸ ನೋಡ್ರಿ ಎಂದು ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದ. ಹೆಣ್ಣುಮಕ್ಕಳು ಅಯ್ಯೋ ಪಾಪ ಅನ್ನುತ್ತಿದ್ದರು. ಹೆಂಡತಿಗಾಗಿ ಇಷ್ಟು ಕಷ್ಟಪಡುವ ಗಂಡಸು ಸುರಪುರ, ಶಹಾಪುರ ಎರಡೂ ತಾಲೂಕಿನಲ್ಲಿ ಇಲ್ಲವೆಂದು ಹೊಗಳಿಕೆ ಬೇರೆ.

ಕಲಬುರಗಿಯ ತೂಕದ ಯಂತ್ರ ಮಾತ್ರ ಶುದ್ಧ ನಾಸ್ತಿಕ. ಮೊದಲ ಸಲ ಹೋದಾಗ ಒಂದು ಕಿಲೋ ಹೆಚ್ಚು ತೋರಿಸಿತು. ಸಂಗಮನಾಥ ಕಿಸೆಯ ಫೋನ್, ಕೀಲಿಕೈ ಗೊಂಚಲು, ಬೆಲ್ಟು ಎಲ್ಲ ತೆಗೆದಿಟ್ಟು ಮತ್ತೆ ಹತ್ತಿದ. ಮುಂದಿನ ತಿಂಗಳು ಇನ್ನೂ ಮೇಲಕ್ಕೆ ಹೋಯಿತು. ಅದರ ಮುಂದಿನ ತಿಂಗಳು, ಊಟದ ಪಥ್ಯ ಹೇಳುವ ಮೇಡಂ ಅವನನ್ನು ಎದುರಿಗೆ ಕೂಡಿಸಿಕೊಂಡು ಏನೇನು ತಿನ್ನುತ್ತೀರಿ ಎಂದು ಕೇಳಿದರು. ಅವನು ಹೆಮ್ಮೆಯಿಂದ ತನ್ನ ಉಪವಾಸಗಳನ್ನು ಒಂದೊಂದಾಗಿ ಹೇಳಿದ. ಉಪವಾಸದ ದಿನ ಏನು ತಿನ್ನುತ್ತೀರಿ ಎಂದು ಕೇಳಿದಾಗ ಅದನ್ನೂ ಮುಚ್ಚಿಡದೆ ಹೇಳಿದ. ಮೇಡಂ ಬರೆಯುವುದನ್ನು ನಿಲ್ಲಿಸಿದರು.

"ಇದು ಮದುವಿ ಊಟಕ್ಕಿಂತ ಹೆಚ್ಚಾತಲ್ರೀ."

"ಊಟ ಅಲ್ರಿ ಮೇಡಂ, ಫಳಾರ," ಎಂದು ಅವನು ತಿದ್ದಿದ.

ಮೇಡಂ ಅವನನ್ನು ಬಿಟ್ಟು ಪವಿತ್ರಾಳ ಕಡೆ ತಿರುಗಿದರು. ಶೇಂಗಾದಲ್ಲಿ ಏನಿದೆ, ತುಪ್ಪದಲ್ಲಿ ಏನಿದೆ, ಬಾಳೆಹಣ್ಣಿನಲ್ಲಿ ಏನಿದೆ ಎಂದು ವರ್ಷದಿಂದ ನಿಮಗೆ ಪಾಠ ಮಾಡುತ್ತಿದ್ದೇನೆ, ನಿಮ್ಮ ಪಥ್ಯದಲ್ಲಿ ನೀವು ಒಂದು ದಿನವೂ ತಪ್ಪಿದವರಲ್ಲ, ಹಾಗಾದರೆ ಇವರಿಗೆ ಇದನ್ನೆಲ್ಲ ಮಾಡಿಹಾಕುವವರು ಯಾರು ಎಂದು ಕೇಳಿದರು. ಪವಿತ್ರಾ ಗೋಡೆಗೆ ಹಚ್ಚಿದ ಚಿತ್ರ ನೋಡುತ್ತ ಕೂತಳು. ಸಂಗಮನಾಥ ಹೆಂಡತಿಯ ಮುಖ ನೋಡಿದ. ವ್ಯಾಪಾರದಲ್ಲಿ ಅಷ್ಟು ಚುರುಕಾದವನಿಗೆ ಇದು ತಿಳಿಯಲು ಮೂರು ತಿಂಗಳು ಬೇಕಾಯಿತು.

ಊರಿಗೆ ಮರಳುವ ಬಸ್ಸು ಜೇವರ್ಗಿ ದಾಟಿತು. ಆಮೇಲೆ ಅವನೇ ಕೇಳಿದ.

"ಗೊತ್ತಿದ್ದೇ ಮಾಡೀದಿ?"

"ಹೌದ್ರಿ." ಅವಳು ಕಿಟಕಿಯಿಂದ ತಿರುಗಲಿಲ್ಲ. "ನೀವು ಎಂಬತ್ತೈದಕ್ಕ ಬಂದ್ರ ನಿಮ್ಮನ್ನ ಟೇಬಲ್ ಮ್ಯಾಲ ಮಲಗಸ್ತಾರ. ನಾ ಹೆಂಗೂ ಹೋಗಾಕಿ. ನೀವ್ಯಾಕ ನನ್ನ ಬೆನ್ನ ಹತ್ತಬೇಕು? ಮೈ ಇಳೀಲಿಲ್ಲ ಅಂದ್ರ ಅವರೇ ಬ್ಯಾಡ ಅಂತಾರ. ನೀವು ಬ್ಯಾಡ ಅಂದಂಗಾಗಂಗಿಲ್ಲ, ನಾ ಬ್ಯಾಡ ಅಂದಂಗೂ ಆಗಂಗಿಲ್ಲ."

ಅವನಿಗೆ ಸಿಟ್ಟು ಬಂತು. ಬಸ್ಸಿನಲ್ಲಿ ಜನ ಇರದಿದ್ದರೆ ಕೂಗಾಡುತ್ತಿದ್ದ. ಅವಳ ಸಾವನ್ನು ಅವಳೇ ತುಪ್ಪದಲ್ಲಿ ಕಲಸಿ ತನಗೆ ಉಣ್ಣಿಸಿದಳಲ್ಲ ಎಂಬ ಸಿಟ್ಟು. ತಾನು ಅದನ್ನು ಚಪ್ಪರಿಸಿ ತಿಂದೆನಲ್ಲ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಿತ್ತು.

"ನೀ ಹೋದ ಮ್ಯಾಲ ನಾ ಈ ಮೈ ತಗೊಂಡು ಏನ್ ಮಾಡ್ಲಿ?" ಎಂದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಸಂಗಮನಾಥ ಹೆಂಡತಿಗೆ ಇಂಥ ಮಾತು ಆಡಿದ್ದು ಅದೇ ಮೊದಲು. ಪವಿತ್ರಾ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸೋಮವಾರ ಅವನು ಖಿಚಡಿ ತಟ್ಟೆಯನ್ನು ಸರಿಸಿ ರೊಟ್ಟಿ ಬೇಡಿದ. ಶನಿವಾರವೂ ಅದೇ. ಊರಿಗೆ ಇದು ತಿಳಿಯದೆ ಇದ್ದೀತೇ? ಹೆಂಡತಿ ಸಾಯಲು ಬಿದ್ದಾಗ ದೇವರ ಒಪ್ಪತ್ತು ಮುರಿದ ಎಂಥ ಕಟುಕ ಎಂದು, ಮೊನ್ನೆ ಹೊಗಳಿದವರೇ ಆಡಿಕೊಂಡರು. ಭಜಿ ಬಂಡಿ ದಾಟಿ ಗುಡ್ಡದ ಬುಡದವರೆಗೆ ನಡೆಯುತ್ತಿದ್ದವನನ್ನು ಗೆಳೆಯರು ಸೊಕ್ಕಿನವ ಎಂದರು. ಹಸಿವಿಗೆ ಅವನು ಗಿರಾಕಿಗಳ ಮೇಲೂ ಸಿಡುಕತೊಡಗಿದ. ನಾಸ್ತಿಕ ಯಂತ್ರ ಮಾತ್ರ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಒಲಿಯಿತು. ಮೈ ಇಳಿದದ್ದು ಕಣ್ಣಿಗೆ ಕಾಣತೊಡಗಿದಾಗ ಬಜಾರಿನವರು, ಸಾವುಕಾರ ಸೊರಗ್ಯಾನ, ಸಕ್ಕರಿ ಕಾಯಿಲಿ ಹತ್ತಿರಬೇಕು ಎಂದು ಮರುಗಿದರು. ನಮ್ಮಲ್ಲಿ ಮೈ ಇಳಿದರೆ ಅನ್ನಲು ಇರುವುದು ಅದೊಂದೇ ಮಾತು. ಆರೋಗ್ಯಕ್ಕಾಗಿ ಯಾರಾದರೂ ಸೊರಗುತ್ತಾರೆಂದು ಇಲ್ಲಿ ಯಾರೂ ನಂಬುವುದಿಲ್ಲ.

ಪವಿತ್ರಾಳಿಗೆ ಇದ್ಯಾವುದೂ ನಗುವ ಮಾತಾಗಿರಲಿಲ್ಲ. ಗಂಡನ ಅಂಗಿಗಳನ್ನೆಲ್ಲ ದರ್ಜಿ ಬಿಗಿ ಮಾಡಿ ತಂದುಕೊಟ್ಟ ದಿನ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವನ ಮೈ ಇಳಿದಷ್ಟೂ ಟೇಬಲ್ಲು ಹತ್ತಿರ ಬರುತ್ತಿತ್ತು. ದಿನಾ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಬೇಡ ಎಂದರೂ ಇನ್ನೊಂದು ರೊಟ್ಟಿ ನೀಡಲು ಕೈ ಮುಂದೆ ಮಾಡುತ್ತಿದ್ದಳು. ಅವನು ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಇಬ್ಬರ ನಡುವೆ ಇದೇ ದಿನದ ಜಗಳ.

ಎಂಬತ್ತೇಳಕ್ಕೆ ಬಂದು ಮೈ ಹಟ ಹಿಡಿಯಿತು. ಏನು ಮಾಡಿದರೂ ಕೆಳಗಿಳಿಯಲೊಲ್ಲದು. ಒಂದು ಸಂಜೆ ದೂರ ನಡೆದು ಸುಸ್ತಾಗಿ ಬಂದ ಸಂಗಮನಾಥ ಊಟಕ್ಕೆ ಕೂತ. ಪಾಲಿನ ಎರಡು ರೊಟ್ಟಿ ಮುಗಿದವು. ಬದನೆಕಾಯಿ ಪಲ್ಯ ಚೆನ್ನಾಗಿತ್ತು. ಅವನು ಹೆಂಡತಿಯ ಮುಖ ನೋಡದೆ, ಕಳ್ಳನ ಹಾಗೆ, ತಾನಾಗಿಯೇ ರೊಟ್ಟಿ ಬುಟ್ಟಿಗೆ ಕೈ ಚಾಚಿದ.

ಪವಿತ್ರಾ ಅರಿವೆ ಎಳೆದು ಬುಟ್ಟಿ ಮುಚ್ಚಿದಳು.

"ಸಾಕು, ಏಳ್ರಿ," ಎಂದಳು. "ಇನ್ನ ಎರಡು ಕಿಲೋ ಅದ."